ಸದ್ದಿಲ್ಲದೆ ಹಾರಿದ ಪುಟ್ಟ ವಿಮಾನ

ವಿಮಾನ ಎಂದೊಡನೆ ನಮಗೆ ಮೊದಲು ನೆನಪಾಗುವುದು ಅದರ ಸದ್ದು. ಹಳ್ಳಿಯ ಮಕ್ಕಳು ಇಂದಿಗೂ ಆಕಾಶದತ್ತ ತಲೆ ಎತ್ತುವುದು ಕಿವಿಗೆ ಆ ಮೊರೆತ ಬಿದ್ದ ಮೇಲೆಯೇ. ಆದರೆ ಭಾನುವಾರದ ಮುಂಜಾನೆ ಊರಾಚೆಯ ಯಾವುದಾದರೂ ಬಯಲಿನಲ್ಲಿ, ಸದ್ದೇ ಇಲ್ಲವೆನ್ನುವಷ್ಟು ಮೆಲ್ಲಗೆ ಹಾರುವ ಇನ್ನೊಂದು ಬಗೆಯ ವಿಮಾನ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಥರ್ಮೋಕೋಲನ್ನು ಹೋಲುವ ನೊರೆಯ ಹಾಳೆಯಿಂದ ಮಾಡಿದ ಮೈ, ಗಜದಷ್ಟು ಅಗಲದ ರೆಕ್ಕೆ, ಮುಕ್ಕಾಲು ಕಿಲೋ ತೂಕ. ಕೆಳಗೆ ನಿಂತು ಅದನ್ನು ಆಡಿಸುವವನು ಹತ್ತನೆಯ ತರಗತಿಯ ಹುಡುಗನಿರಬಹುದು, ನಿವೃತ್ತ ಬ್ಯಾಂಕ್ ನೌಕರನೂ ಇರಬಹುದು. ಕೈಯಲ್ಲಿ ಎರಡು ಕಡ್ಡಿಗಳಿರುವ ಒಂದು ಪೆಟ್ಟಿಗೆ. ವಿಮಾನ ಹದಿನೈದು ನಿಮಿಷ ಗಿರಕಿ ಹೊಡೆದು, ಹುಲ್ಲಿನ ಮೇಲೆ ಹೊಟ್ಟೆಯೂರಿ ಕುಳಿತುಕೊಳ್ಳುತ್ತದೆ. ಹೊಗೆಯಿಲ್ಲ, ಎಣ್ಣೆಯಿಲ್ಲ, ನೆರೆಯವರ ತಕರಾರಿಲ್ಲ.

ನೋಡಲು ಇದು ಬರೀ ಆಟಿಕೆ. ಆದರೆ ಒಬ್ಬ ಹೊಸಬನು ಯಾರ ಹಂಗೂ ಇಲ್ಲದೆ ಕಲಿತು ಹಾರಿಸಬಲ್ಲ ವಿದ್ಯುತ್ ವಿಮಾನ ರೂಪುಗೊಳ್ಳಲು ಸುಮಾರು ನೂರ ಮೂವತ್ತು ವರ್ಷ ಹಿಡಿಯಿತು. ಇದು ವಿಚಿತ್ರವಲ್ಲವೆ? ವಿದ್ಯುತ್ ಮೋಟಾರು ಹತ್ತೊಂಬತ್ತನೆಯ ಶತಮಾನದ ಸರಕು. ಪ್ರಯಾಣಿಕರನ್ನು ಹೊತ್ತ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟಲು ಆರಂಭಿಸಿದ್ದು 1958ರಲ್ಲಿ. ಆ ಹೊತ್ತಿಗೆ ವಿದ್ಯುತ್ತಿನ ಆಟಿಕೆ ವಿಮಾನ ಇನ್ನೂ ಮೊದಲ ಹೆಜ್ಜೆಗಳನ್ನು ಇಡುತ್ತಿತ್ತು! ದೊಡ್ಡದು ಮೊದಲು ಬಂದು ಚಿಕ್ಕದು ಹಿಂದುಳಿದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ, ನಮ್ಮ ಕಾಲದ ತಂತ್ರಜ್ಞಾನ ಬೆಳೆದ ಬಗೆಯೇ ಬಿಚ್ಚಿಕೊಳ್ಳುತ್ತದೆ.

ರಬ್ಬರ್ ಹುರಿಯ ಕಾಲ

ಕಥೆಯ ಮೊದಲ ಪುಟ ಪ್ಯಾರಿಸ್‌ನದು. 1871ರ ಆಗಸ್ಟ್ 18ರಂದು ಅಲ್ಲಿನ ಟ್ಯುಲೆರೀ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ ಇಪ್ಪತ್ತೊಂದರ ತರುಣ ತನ್ನ ಪುಟ್ಟ ಯಂತ್ರವೊಂದನ್ನು ಗಾಳಿಗೆ ಬಿಟ್ಟ. ತಿರುಚಿದ ರಬ್ಬರ್ ಹುರಿ ಬಿಚ್ಚಿಕೊಳ್ಳುತ್ತ ಪಂಖವನ್ನು ತಿರುಗಿಸಿತು. ಹನ್ನೊಂದು ಸೆಕೆಂಡುಗಳ ಕಾಲ ಸುಮಾರು 40 ಮೀಟರ್ ದೂರ ಅದು ಹಾರಿತು. ಪೆನೋ ಅದಕ್ಕೆ ಪ್ಲಾನೋಫೋರ್ ಎಂದು ಹೆಸರಿಟ್ಟಿದ್ದ.

ಹಾರಿದ ದೂರಕ್ಕಿಂತಲೂ ಮುಖ್ಯವಾದುದು ಅದು ಹಾರಿದ ರೀತಿ. ಯಾರ ಕೈಯ ಹಿಡಿತವೂ ಇಲ್ಲದೆ ಅದು ತಾನಾಗಿ ಸಮತೋಲ ಕಾಯ್ದುಕೊಂಡಿತು. ಪೆನೋ ರೆಕ್ಕೆಯ ತುದಿಗಳನ್ನು ತುಸು ಮೇಲಕ್ಕೆ ಎತ್ತಿದ್ದ. ಹಿಂದೆ ಒಂದು ಚಿಕ್ಕ ಬಾಲವನ್ನು ಸರಿಯಾದ ಓರೆಯಲ್ಲಿ ಕೂಡಿಸಿದ್ದ. ಒಂದು ಪಕ್ಕಕ್ಕೆ ವಾಲಿದರೆ ರೆಕ್ಕೆಯೇ ಅದನ್ನು ನೇರಮಾಡುತ್ತದೆ, ಮೂಗು ತಗ್ಗಿದರೆ ಬಾಲವೇ ಎತ್ತುತ್ತದೆ. ಇಂದು ಅಂಗಡಿಯಲ್ಲಿ ಹೊಸಬರಿಗೆಂದು ಮಾರುವ ಪ್ರತಿಯೊಂದು ಆಟದ ವಿಮಾನದ ಆಕಾರದಲ್ಲೂ ಈ ಎರಡು ಉಪಾಯಗಳು ಇದ್ದೇ ಇವೆ. ಹೊಸಬನ ಪಾಲಿನ ಮೊದಲ ಗುರು ಪೆನೋ ಎಂದರೆ ಅತಿಶಯೋಕ್ತಿಯಲ್ಲ.

ಪೆನೋ ಮಾಡಿದ ರಬ್ಬರ್ ಹುರಿಯ ಇನ್ನೊಂದು ಆಟಿಕೆ ನೆಟ್ಟಗೆ ಮೇಲೇರುವ ಹೆಲಿಕಾಪ್ಟರು. ಆ ಮಾದರಿಯ ಒಂದು ಆಟಿಕೆಯನ್ನು 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟರು. ಮಕ್ಕಳು ಅದು ಮುರಿಯುವ ತನಕ ಆಡಿ, ಅನಂತರ ತಾವೇ ಅಂಥವನ್ನು ಮಾಡಲು ತೊಡಗಿದರು. ಆ ಪಾದ್ರಿಯ ಹೆಸರು ಮಿಲ್ಟನ್ ರೈಟ್; ಮಕ್ಕಳು ವಿಲ್ಬರ್ ಮತ್ತು ಆರ್ವಿಲ್. ಅವರು ಇಪ್ಪತ್ತೈದು ವರ್ಷಗಳ ಅನಂತರ, 1903ರಲ್ಲಿ, ಏನು ಮಾಡಿದರೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಪೆನೋ ಮಾತ್ರ ತನ್ನ ದೊಡ್ಡ ವಿಮಾನದ ಯೋಜನೆಗೆ ಹಣ ಕೊಡುವವರು ಸಿಗದೆ, ಕಾಯಿಲೆಯಿಂದಲೂ ಬಸವಳಿದು, 1880ರಲ್ಲಿ ಮೂವತ್ತನೆಯ ವಯಸ್ಸಿಗೆ ತನ್ನ ಜೀವವನ್ನು ತಾನೇ ಕೊನೆಗೊಳಿಸಿಕೊಂಡ.

ತೂಕದ ಲೆಕ್ಕ

ರಬ್ಬರ್ ಹುರಿ ಅರೆನಿಮಿಷದಲ್ಲಿ ಬಿಚ್ಚಿಹೋಗುತ್ತದೆ. ವಿದ್ಯುತ್ತನ್ನೇ ಏಕೆ ಬಳಸಬಾರದು ಎಂಬ ಯೋಚನೆ ಆ ಕಾಲದವರಿಗೂ ಬಂದಿತ್ತು. 1884ರ ಆಗಸ್ಟ್ 9ರಂದು ಫ್ರಾನ್ಸಿನ ಸೇನಾಧಿಕಾರಿಗಳಾದ ಶಾರ್ಲ್ ರೆನಾರ್ ಮತ್ತು ಆರ್ಥರ್ ಕ್ರೆಬ್ಸ್, ‘ಲಾ ಫ್ರಾನ್ಸ್’ ಎಂಬ ವಾಯುನೌಕೆಯಲ್ಲಿ ಕುಳಿತು 23 ನಿಮಿಷಗಳಲ್ಲಿ 8 ಕಿಲೋಮೀಟರ್ ಸುತ್ತಿ ಹೊರಟಲ್ಲಿಗೇ ಮರಳಿದರು. ಅದನ್ನು ನೂಕಿದ್ದು ವಿದ್ಯುತ್ ಮೋಟಾರು. ಆದರೆ ಅದಕ್ಕೆ ಬೇಕಾದ ಬ್ಯಾಟರಿಯ ತೂಕವೆಷ್ಟು ಗೊತ್ತೆ? 435 ಕಿಲೋಗ್ರಾಂ! ಜಲಜನಕ ತುಂಬಿದ ದೊಡ್ಡ ಚೀಲವೊಂದು ಮೇಲಿದ್ದುದರಿಂದ ಆ ಭಾರ ಸಾಗಿತು. ರೆಕ್ಕೆಯ ಬಲದಿಂದಲೇ ಏಳಬೇಕಾದ ವಿಮಾನಕ್ಕೆ ಅಂಥ ಸೌಲಭ್ಯವಿರಲಿಲ್ಲ.

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ಒಂದು ಕಿಲೋ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 12,000 ವ್ಯಾಟ್-ಗಂಟೆ. ಒಂದು ಕಿಲೋ ತೂಕದ ಸೀಸ-ಆಮ್ಲದ ಬ್ಯಾಟರಿಯಲ್ಲಿ, ಅಂದರೆ ನಮ್ಮ ಕಾರಿನಲ್ಲಿರುವಂಥದರಲ್ಲಿ, ಇರುವುದು ಮೂವತ್ತು ನಲವತ್ತು ವ್ಯಾಟ್-ಗಂಟೆ ಮಾತ್ರ. ಎಂಜಿನ್ನು ತನಗೆ ಕೊಟ್ಟ ಶಕ್ತಿಯ ಬಹುಪಾಲನ್ನು ಶಾಖವಾಗಿ ಪೋಲುಮಾಡುತ್ತದೆ ನಿಜ. ಪೋಲಾದದ್ದನ್ನು ಕಳೆದರೂ ಪೆಟ್ರೋಲು ಬ್ಯಾಟರಿಗಿಂತ ಎಷ್ಟೋ ಪಟ್ಟು ಮುಂದೆಯೇ ಉಳಿಯುತ್ತದೆ. ನೆಲದ ಮೇಲಿನ ರೈಲಿಗೆ, ಟ್ರಾಮಿಗೆ ತೂಕದ ಚಿಂತೆ ಅಷ್ಟಿಲ್ಲ. ಅವು ತಂತಿಯಿಂದಲೂ ವಿದ್ಯುತ್ ಪಡೆಯಬಹುದು. ಹಾರುವ ಯಂತ್ರಕ್ಕೆ ಮಾತ್ರ ಪ್ರತಿಯೊಂದು ಗ್ರಾಮೂ ಸಾಲದ ಬಡ್ಡಿಯಿದ್ದಂತೆ. ಹೀಗಾಗಿ ರೈಟ್ ಸೋದರರಿಂದ ಹಿಡಿದು ಎಲ್ಲರೂ ಪೆಟ್ರೋಲಿನ ದಾರಿ ಹಿಡಿದರು. ಆಟಿಕೆ ವಿಮಾನಗಳೂ ಅದೇ ದಾರಿಯಲ್ಲಿ ನಡೆದವು. 1930ರ ದಶಕದಲ್ಲಿ ಪುಟ್ಟ ಪೆಟ್ರೋಲ್ ಎಂಜಿನುಗಳು ಅಮೆರಿಕದ ಮಾರುಕಟ್ಟೆಗೆ ಬಂದವು. 1940ರ ದಶಕದ ಕೊನೆಗೆ ಮೆಥನಾಲು ಮತ್ತು ಹರಳೆಣ್ಣೆಯ ಮಿಶ್ರಣ ಕುಡಿಯುವ ‘ಗ್ಲೋ’ ಎಂಜಿನುಗಳು ಬಂದವು. ಹೌದು, ನಮ್ಮ ಅಜ್ಜಿಯರು ತಲೆಗೆ ಒತ್ತುತ್ತಿದ್ದ ಅದೇ ಹರಳೆಣ್ಣೆ!

ನಿಸ್ತಂತು ಕಡಿವಾಣ

ಹಾರಿಸಿದ್ದಾಯಿತು, ಹಾರಿಹೋದದ್ದನ್ನು ಮರಳಿ ಕರೆಯುವುದು ಹೇಗೆ? ಆ ದಿನಗಳ ಆಟಿಕೆ ವಿಮಾನದ ಹಿಂದೆ ಹೊಲಗದ್ದೆಗಳಲ್ಲಿ ಮೈಲಿಗಟ್ಟಲೆ ಓಡುವುದೇ ಒಂದು ಕ್ರೀಡೆಯಾಗಿತ್ತು. ದಾರ ಕಟ್ಟಿ ಸುತ್ತಲೂ ತಿರುಗಿಸುವ ಪದ್ಧತಿಯೂ 1940ರ ಹೊತ್ತಿಗೆ ಬಂತು.

ತಂತಿಯಿಲ್ಲದ ಕಡಿವಾಣದ ಕನಸು ಇನ್ನೂ ಹಳೆಯದು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೋ ಅಲೆಗಳಿಂದ ನಡೆಯುವ ದೋಣಿಯೊಂದನ್ನು ತೋರಿಸಿ ಜನರನ್ನು ಬೆರಗುಗೊಳಿಸಿದ್ದ. ಅದನ್ನು ಆಕಾಶಕ್ಕೆ ಏರಿಸಿದವರಲ್ಲಿ ಹೆಸರಾದವರು ಅಮೆರಿಕದ ಮಿಷಿಗನ್ ರಾಜ್ಯದ ಕಲಮಝೂ ಊರಿನ ಅವಳಿ ಸೋದರರು, ವಾಲ್ಟರ್ ಮತ್ತು ವಿಲಿಯಂ ಗುಡ್. ಒಬ್ಬನಿಗೆ ವಿಮಾನದ ಹುಚ್ಚು, ಇನ್ನೊಬ್ಬನಿಗೆ ರೇಡಿಯೋ ಹುಚ್ಚು. ಎಂಟು ಅಡಿ ರೆಕ್ಕೆಯ, ಸುಮಾರು ನಾಲ್ಕು ಕಿಲೋ ತೂಕದ ಅವರ ‘ಗಫ್’ 1937ರಲ್ಲಿ ಹಾರಿತು. ಮರುವರ್ಷ ರಾಷ್ಟ್ರೀಯ ಸ್ಪರ್ಧೆಯ ರೇಡಿಯೋ ವಿಭಾಗದಲ್ಲಿ ಗೆದ್ದಿತು. ಇಂದು ಅದು ಸ್ಮಿತ್ಸೋನಿಯನ್ ಸಂಸ್ಥೆಯ ವಿಮಾನ ವಸ್ತುಸಂಗ್ರಹಾಲಯದ ಸ್ವತ್ತು.

ಆ ಕಾಲದ ರೇಡಿಯೋ ಹಿಡಿತವೆಂದರೆ ಬಲು ಒರಟು. ಗುಂಡಿ ಒತ್ತಿದರೆ ಬಾಲದ ಚುಕ್ಕಾಣಿ ಪೂರ್ತಿ ಬಲಕ್ಕೆ, ಬಿಟ್ಟರೆ ನಡುವಿಗೆ, ಮತ್ತೆ ಒತ್ತಿದರೆ ಪೂರ್ತಿ ಎಡಕ್ಕೆ. ಈ ಸಲ ಯಾವ ಕಡೆಯ ಸರದಿ ಎಂಬುದನ್ನು ಹಾರಿಸುವವನೇ ನೆನಪಿಟ್ಟುಕೊಳ್ಳಬೇಕು. ಕೈಯ ಕಡ್ಡಿ ಎಷ್ಟು ಸರಿದರೆ ಚುಕ್ಕಾಣಿಯೂ ಅಷ್ಟೇ ಸರಿಯುವ ಸೂಕ್ಷ್ಮ ವ್ಯವಸ್ಥೆ ಅಂಗಡಿಗೆ ಬಂದದ್ದು 1960ರ ದಶಕದಲ್ಲಿ, ಟ್ರಾನ್ಸಿಸ್ಟರಿನ ಕೃಪೆಯಿಂದ.

ಹೊಸಬನ ಸಂಕಟ

ಇಷ್ಟಾದರೂ ಈ ಹವ್ಯಾಸ ಹೊಸಬನ ಪಾಲಿಗೆ ಕಬ್ಬಿಣದ ಕಡಲೆಯಾಗಿಯೇ ಉಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ಬರುವ ಬಾಲ್ಸಾ ಎಂಬ ಹಗುರ ಮರವನ್ನು ತೆಳುವಾಗಿ ಸೀಳಿ, ಪಕ್ಕೆಲುಬುಗಳನ್ನು ಒಂದೊಂದಾಗಿ ಅಂಟಿಸಿ, ಕಾಗದವನ್ನೋ ರೇಷ್ಮೆಯನ್ನೋ ಹೊದಿಸಿ, ವಾರ್ನಿಷು ಬಳಿದು ಒಂದು ವಿಮಾನ ಕಟ್ಟಲು ಎರಡು ಮೂರು ತಿಂಗಳ ಸಂಜೆಗಳು ಬೇಕಾಗುತ್ತಿದ್ದವು. ಎಂಜಿನ್ನನ್ನು ಪಳಗಿಸುವುದು ಬೇರೆಯೇ ವಿದ್ಯೆ. ಸೂಜಿಯನ್ನು ಕಾಲು ಸುತ್ತು ಹೆಚ್ಚು ತಿರುಗಿಸಿದರೆ ಅದು ಮುನಿಸಿಕೊಳ್ಳುತ್ತಿತ್ತು. ಕೊನೆಗೆ ಹಾರಿಸುವ ದಿನ ಬಂದಾಗ ಹೊಸಬನ ಕೈಗೆ ಸಿಗುತ್ತಿದ್ದುದು ಅರೆ ನಿಮಿಷ. ಅಷ್ಟರಲ್ಲಿ ವಿಮಾನ ನೆಲಕ್ಕೆ ಬಡಿದು ಮೂರು ತಿಂಗಳ ದುಡಿಮೆ ಕಡ್ಡಿಪುಡಿಯಾಗುತ್ತಿತ್ತು.

ಸೈಕಲ್ ಕಲಿಯುವ ಮಗುವನ್ನು ನೆನೆದುಕೊಳ್ಳಿ. ಬಿದ್ದರೆ ಮಂಡಿ ತರಚುತ್ತದೆ. ಎದ್ದು ಮತ್ತೆ ಹತ್ತುತ್ತದೆ. ಒಮ್ಮೆ ಬಿದ್ದರೆ ಸೈಕಲ್ಲೇ ಪುಡಿಯಾಗುವಂತಿದ್ದರೆ ಎಷ್ಟು ಮಕ್ಕಳು ಸವಾರಿ ಕಲಿಯುತ್ತಿದ್ದವು? ಕಲಿಯಬೇಕಾದರೆ ಬೀಳಬೇಕು, ಬೀಳುವುದು ದುಬಾರಿಯಾದರೆ ಕಲಿಕೆ ಕೆಲವರ ಸ್ವತ್ತಾಗುತ್ತದೆ. ಆಟಿಕೆ ವಿಮಾನದ ವಿಷಯದಲ್ಲಿ ಆದದ್ದು ಇದೇ. ಬದಿಯಲ್ಲಿ ನಿಂತು ಕಡ್ಡಿ ಕಸಿದುಕೊಳ್ಳಬಲ್ಲ ಅನುಭವಿಯೊಬ್ಬನಿಲ್ಲದೆ ಯಾರೂ ಕಲಿಯುವಂತಿರಲಿಲ್ಲ. ಅಂಥ ಅನುಭವಿ ಇರುತ್ತಿದ್ದುದು ಕ್ಲಬ್ಬಿನಲ್ಲಿ. ಕ್ಲಬ್ಬಿಗೆ ಬೇಕಾದ ಬಯಲುಗಳು, ಎಂಜಿನ್ನಿನ ಕಿರಿಚಾಟಕ್ಕೆ ಬೇಸತ್ತ ಅಕ್ಕಪಕ್ಕದವರ ದೂರಿನಿಂದ ಯುರೋಪು, ಅಮೆರಿಕಗಳಲ್ಲಿ ಒಂದೊಂದಾಗಿ ಕೈತಪ್ಪತೊಡಗಿದ್ದವು.

ಮೌನದ ಸಾಧಕರು

ಇಂಥ ಹೊತ್ತಿನಲ್ಲಿ ವಿದ್ಯುತ್ತಿನ ಹಳೆಯ ಕನಸನ್ನು ಕೆಲವರು ಬಿಡದೆ ಹಿಡಿದಿದ್ದರು. 1957ರ ಜೂನ್ 30ರಂದು ಇಂಗ್ಲೆಂಡಿನ ಕರ್ನಲ್ ಎಚ್. ಜೆ. ಟ್ಯಾಪ್ಲಿನ್ ತಮ್ಮ ‘ರೇಡಿಯೋ ಕ್ವೀನ್’ ಎಂಬ ಮಾದರಿಗೆ ಎಂಜಿನ್ನಿನ ಬದಲು ವಿದ್ಯುತ್ ಮೋಟಾರನ್ನೂ ಬೆಳ್ಳಿ-ಸತುವಿನ ಬ್ಯಾಟರಿಯನ್ನೂ ಜೋಡಿಸಿ ಹಾರಿಸಿದರು. ರೇಡಿಯೋ ಹಿಡಿತದ ವಿದ್ಯುತ್ ವಿಮಾನದ ಮೊದಲ ಅಧಿಕೃತ ದಾಖಲೆ ಎಂದು ಸಾಮಾನ್ಯವಾಗಿ ಹೆಸರಿಸುವುದು ಈ ಹಾರಾಟವನ್ನೇ. ಆದರೆ ಬೆಳ್ಳಿಯ ಬ್ಯಾಟರಿ ಎಲ್ಲರ ಕೈಗೆ ಎಟುಕುವಂಥದಲ್ಲ.

ಜರ್ಮನಿಯಲ್ಲಿ ಫ್ರೆಡ್ ಮಿಲಿಟ್ಕಿ ಎಂಬಾತ ಇದೇ ಜಾಡಿನಲ್ಲಿ ವರ್ಷಗಟ್ಟಲೆ ದುಡಿದ. ಬಲವಿಲ್ಲದ ಮೋಟಾರುಗಳ ಆ ಕಾಲದಲ್ಲಿ ಅವನು ಹಿಡಿದ ಉಪಾಯವೆಂದರೆ ವಿಮಾನವನ್ನೇ ಗಾಳಿಪಟದಷ್ಟು ಹಗುರ ಮಾಡುವುದು. 1960ರ ಹೊತ್ತಿಗೆ ಗ್ರೌಪ್ನರ್ ಕಂಪನಿ ಅವನ ‘ಸೈಲೆಂಟಿಯುಸ್’ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಹೆಸರೇ ಹೇಳುವಂತೆ ಅದು ಮೌನಿ. ಮಿಲಿಟ್ಕಿ ಅಲ್ಲಿಗೆ ನಿಲ್ಲಲಿಲ್ಲ. 1973ರ ಅಕ್ಟೋಬರಿನಲ್ಲಿ ಆಸ್ಟ್ರಿಯಾದಲ್ಲಿ ಅವನೂ ಬ್ರಡಿಚ್ಕಾ ಸಂಸ್ಥೆಯವರೂ ಸೇರಿ ಒಂದು ಮೋಟಾರು ಗ್ಲೈಡರಿಗೆ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ತುಂಬಿದರು. ಹೈನೋ ಬ್ರಡಿಚ್ಕಾ ಅದರಲ್ಲಿ ಕುಳಿತು ಹಾರಿದ. ಮನುಷ್ಯನೊಬ್ಬ ವಿದ್ಯುತ್ತಿನ ವಿಮಾನದಲ್ಲಿ ಹಾರಿದ್ದು ಅದೇ ಮೊದಲು. ಆಟಿಕೆಯ ಪಾಠವನ್ನು ದೊಡ್ಡ ವಿಮಾನ ಕಲಿತಿತ್ತು.

ಅದೇ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೋಲಂಡ್ ಮತ್ತು ರಾಬರ್ಟ್ ಬೌಷರ್ ಸೋದರರು ಆಸ್ಟ್ರೋ ಫ್ಲೈಟ್ ಎಂಬ ಸಂಸ್ಥೆಯ ಮೂಲಕ ಆಟಿಕೆ ವಿಮಾನಕ್ಕೆಂದೇ ಮೋಟಾರುಗಳನ್ನು ಮಾಡತೊಡಗಿದರು. ಅವರ ‘ಸನ್‌ರೈಸ್’ ಎಂಬ 32 ಅಡಿ ರೆಕ್ಕೆಯ ಮಾನವರಹಿತ ವಿಮಾನ 1974ರ ನವೆಂಬರ್ 4ರಂದು ಬರೀ ಬಿಸಿಲಿನ ಬಲದಿಂದ ಹಾರಿತು. 1980ರಲ್ಲಿ ಪಾಲ್ ಮೆಕ್‌ಕ್ರೆಡಿ ಎಂಬ ವಿಜ್ಞಾನಿ ರೂಪಿಸಿದ ‘ಗಾಸಮರ್ ಪೆಂಗ್ವಿನ್’ ಎಂಬ ಸೌರವಿಮಾನಕ್ಕೆ ಹಾಕಿದ್ದು ಇದೇ ಸಂಸ್ಥೆಯ ಆಟಿಕೆ ವಿಮಾನದ ಮೋಟಾರನ್ನು. ಅಷ್ಟು ಕಡಿಮೆ ಬಲದ ಯಂತ್ರಕ್ಕೆ ಹಗುರ ಮೈಯ ಪೈಲಟ್ ಬೇಕಾಗಿತ್ತು. ಆರಂಭದ ಪರೀಕ್ಷೆಗಳಲ್ಲಿ ಅದನ್ನು ನಡೆಸಿದವನು ಮೆಕ್‌ಕ್ರೆಡಿಯ ಹದಿಮೂರು ವರ್ಷದ ಮಗ ಮಾರ್ಷಲ್! ಮರುವರ್ಷ, 1981ರ ಜುಲೈ 7ರಂದು, ಅದರ ಮುಂದಿನ ರೂಪವಾದ ‘ಸೋಲಾರ್ ಚಾಲೆಂಜರ್’ ಪ್ಯಾರಿಸ್ ಬಳಿಯಿಂದ ಹೊರಟು ಇಂಗ್ಲಿಷ್ ಕಾಲುವೆಯನ್ನು ದಾಟಿತು.

ಸಾಧಕರ ಕಥೆ ಇದಾದರೆ, ಸಾಮಾನ್ಯ ಹವ್ಯಾಸಿಯ ಪಾಡು ಬೇರೆ. 1980ರ ದಶಕದಲ್ಲಿ ಅವನು ಬಳಸುತ್ತಿದ್ದ ಏಳು ಕೋಶಗಳ ನಿಕ್ಕಲ್-ಕ್ಯಾಡ್ಮಿಯಂ ಕಟ್ಟಿನ ತೂಕ ಸುಮಾರು 350 ಗ್ರಾಂ. ಅದರಲ್ಲಿರುತ್ತಿದ್ದ ಶಕ್ತಿ ಹತ್ತು ವ್ಯಾಟ್-ಗಂಟೆ. ವಿಮಾನವನ್ನು ಎತ್ತಲು 150 ವ್ಯಾಟ್ ಬೇಕೆಂದರೆ ಆಟ ನಾಲ್ಕು ನಿಮಿಷಕ್ಕೆ ಮುಗಿಯುತ್ತಿತ್ತು. ಎಂಜಿನ್ನಿನ ಗೆಳೆಯರು ನಕ್ಕದ್ದರಲ್ಲಿ ಆಶ್ಚರ್ಯವಿಲ್ಲ.

ಬೇರೆಡೆಯಿಂದ ಬಂದ ವರಗಳು

ಈ ನಗೆಯನ್ನು ನಿಲ್ಲಿಸಿದ ನಾಲ್ಕು ಬದಲಾವಣೆಗಳಲ್ಲಿ ಒಂದೂ ಆಟಿಕೆ ವಿಮಾನಕ್ಕಾಗಿ ಹುಟ್ಟಿದ್ದಲ್ಲ ಎಂಬುದು ಈ ಇತಿಹಾಸದ ಸ್ವಾರಸ್ಯ.

ಮೊದಲನೆಯದು ಅಯಸ್ಕಾಂತ. 1983ರಲ್ಲಿ ಜಪಾನಿನ ಮಸಾತೋ ಸಗಾವಾ ಅವರ ತಂಡವೂ ಅಮೆರಿಕದ ಜನರಲ್ ಮೋಟಾರ್ಸ್‌ನ ತಂಡವೂ ಒಂದಕ್ಕೊಂದು ಸಂಬಂಧವಿಲ್ಲದೆ ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಅಯಸ್ಕಾಂತವನ್ನು ಪ್ರಕಟಿಸಿದವು. ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ, ಕಾರ್ಖಾನೆಯ ಯಂತ್ರಗಳಿಗೆ ಒದಗಿದ ಈ ಅಯಸ್ಕಾಂತ ಅಡಿಕೆಯಷ್ಟು ಗಾತ್ರದಲ್ಲಿ ಅಗಾಧ ಸೆಳೆತ ಉಳ್ಳದ್ದು. ಮೋಟಾರು ಪುಟ್ಟದಾಯಿತು. ಜೊತೆಗೆ ತಿರುಗುವ ಭಾಗಕ್ಕೆ ಉಜ್ಜಿಕೊಂಡು ಸವೆಯುತ್ತಿದ್ದ ಇಂಗಾಲದ ಕುಂಚಗಳು ಹೋಗಿ, ಆ ಕೆಲಸವನ್ನು ಎಲೆಕ್ಟ್ರಾನಿಕ್ ಸಾಧನವೊಂದು ವಹಿಸಿಕೊಂಡಿತು. 2000ದ ಆಸುಪಾಸಿನಲ್ಲಿ ಹವ್ಯಾಸಿಗಳು ಕೆಟ್ಟುಹೋದ ಸಿ.ಡಿ. ಡ್ರೈವುಗಳನ್ನು ಬಿಚ್ಚಿ, ಅವುಗಳ ಮೋಟಾರಿಗೆ ಹೊಸ ತಂತಿ ಸುತ್ತಿ, ಹೊಸ ಅಯಸ್ಕಾಂತ ಅಂಟಿಸಿ ವಿಮಾನ ಹಾರಿಸತೊಡಗಿದರು. ಹೊರಗಿನ ಚಿಪ್ಪೇ ತಿರುಗುವ ಆ ವಿನ್ಯಾಸದ ಮೋಟಾರುಗಳು ಕೆಲವೇ ವರ್ಷಗಳಲ್ಲಿ ಚೀನಾದ ಕಾರ್ಖಾನೆಗಳಿಂದ ಅಗ್ಗವಾಗಿ ಬಂದವು.

ಎರಡನೆಯದು ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗಿಳಿಸಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಎನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮೊಬೈಲ್ ಫೋನು ತೆಳ್ಳಗಾಗಬೇಕೆಂಬ ಪೈಪೋಟಿಯಲ್ಲಿ ಇದೇ ಬ್ಯಾಟರಿ ಚೀಲದ ರೂಪ ತಾಳಿ ‘ಲಿಥಿಯಂ ಪಾಲಿಮರ್’ ಎನಿಸಿತು. ಇಂದು 180 ಗ್ರಾಂ ತೂಗುವ ಮೂರು ಕೋಶಗಳ ಅಂಥ ಬ್ಯಾಟರಿಯಲ್ಲಿ ಸುಮಾರು 24 ವ್ಯಾಟ್-ಗಂಟೆ ಶಕ್ತಿ ಹಿಡಿಯುತ್ತದೆ. ಅರ್ಧ ತೂಕ, ಎರಡೂವರೆ ಪಟ್ಟು ಶಕ್ತಿ! ಹಗುರ ವಿಮಾನ ಮೆಲ್ಲಗೆ ಸುತ್ತಲು 80 ವ್ಯಾಟ್ ಸಾಕೆಂದುಕೊಂಡರೆ, ಬ್ಯಾಟರಿಯನ್ನು ಪೂರ್ತಿ ಬತ್ತಿಸದೆಯೇ ಹದಿನೈದು ನಿಮಿಷದ ಹತ್ತಿರ ಆಡಬಹುದು. ನಮ್ಮ ಅಡುಗೆಮನೆಯ ಮಿಕ್ಸಿ ನುಂಗುವ 500 ವ್ಯಾಟಿನಲ್ಲಿ ಇಂಥ ಐದಾರು ವಿಮಾನಗಳು ಒಟ್ಟಿಗೆ ಹಾರಬಲ್ಲವು.

ಮೂರನೆಯದು ರೇಡಿಯೋ. ಮೊದಲೆಲ್ಲ ಒಂದೇ ತರಂಗಾಂತರದಲ್ಲಿ ಇಬ್ಬರು ಗುಂಡಿ ಒತ್ತಿದರೆ ಇಬ್ಬರ ವಿಮಾನವೂ ದಿಕ್ಕುಗೆಟ್ಟು ಬೀಳುತ್ತಿತ್ತು. ಅದಕ್ಕೆಂದೇ ಬಯಲಿನಲ್ಲಿ ಒಂದು ಹಲಗೆ; ಅದರಲ್ಲಿನ ಬಟ್ಟೆಪಿನ್ನು ಯಾರ ಬಳಿಯಿದೆಯೋ ಅವನಿಗೆ ಮಾತ್ರ ಆ ತರಂಗದ ಹಕ್ಕು. 2000ದ ದಶಕದ ನಡುವಿನಲ್ಲಿ 2.4 ಗಿಗಾಹರ್ಟ್ಸ್ ರೇಡಿಯೋಗಳು ಬಂದು ಈ ಕಾಟ ತಪ್ಪಿತು. ಇವುಗಳಲ್ಲಿ ಹಲವು ಒಂದು ತರಂಗದಿಂದ ಇನ್ನೊಂದಕ್ಕೆ ಕ್ಷಣಕ್ಷಣಕ್ಕೂ ಜಿಗಿಯುತ್ತ ಮಾತಾಡುತ್ತವೆ. ಇಂಥ ಜಿಗಿತದ ಒಂದು ಕಲ್ಪನೆಗೆ 1942ರಲ್ಲೇ ಪೇಟೆಂಟ್ ಪಡೆದಿದ್ದವರು ಹಾಲಿವುಡ್‌ನ ತಾರೆ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಟೈಲ್. ಶತ್ರುಗಳು ಟಾರ್ಪಿಡೋದ ದಾರಿ ತಪ್ಪಿಸದಿರಲೆಂದು ಅವರು ಹೂಡಿದ ಉಪಾಯವದು.

ನಾಲ್ಕನೆಯದು ನೊರೆ. ಸಾಮಾನು ಕಟ್ಟುವ ಪೆಟ್ಟಿಗೆಗಳಲ್ಲಿ, ಕಾರಿನ ಬಂಪರಿನೊಳಗೆ ಪೆಟ್ಟು ತಡೆಯಲು ಬಳಸುವ ಪಾಲಿಪ್ರೊಪಿಲೀನ್ ನೊರೆ, ಗುದ್ದಿದರೆ ಮುರಿಯದೆ ಬಾಗುತ್ತದೆ. ಬೇರೆ ಜಾತಿಯ ನೊರೆಗಳು ಮುರಿದರೂ ಅಂಟು ಹಚ್ಚಿ ಹತ್ತು ನಿಮಿಷದಲ್ಲಿ ಮತ್ತೆ ಹಾರಿಸಬಹುದು. 2000ದ ದಶಕದ ಮೊದಲಲ್ಲಿ ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿ ತಂದ ‘ಈಜಿಸ್ಟಾರ್’ ಇಂಥ ನೊರೆಯ ವಿಮಾನಗಳಲ್ಲಿ ಜನಪ್ರಿಯವಾದುದು. ಅದರಲ್ಲಿ ಪಂಖವನ್ನು ಮೂಗಿನಿಂದ ತೆಗೆದು ರೆಕ್ಕೆಯ ಹಿಂದೆ, ಬೆನ್ನಿನ ಮೇಲೆ ಕೂಡಿಸಿದ್ದರು. ಮೂಗು ನೆಲಕ್ಕೆ ತಾಗಿದರೂ ಪಂಖಕ್ಕೂ ಮೋಟಾರಿಗೂ ಪೆಟ್ಟಿಲ್ಲ. ಹಾರಿಸುವವನ ಬೆರಳಿಗೂ ಅಪಾಯ ಕಡಿಮೆ. ಬೀಳುವುದು ಅಗ್ಗವಾಯಿತು. ಕಲಿಕೆಯ ಬಾಗಿಲು ತೆರೆದದ್ದು ಆಗ.

ಹೊಸಬನ ವಿಮಾನ ಹೇಗಿರುತ್ತದೆ?

ಹೊಸಬರ ವಿಮಾನ ಎಂದರೆ ಚಿಕ್ಕ ವಿಮಾನ ಎಂದಷ್ಟೇ ಅಲ್ಲ. ಅದರ ರೆಕ್ಕೆ ಮೈಯ ಮೇಲ್ಭಾಗದಲ್ಲಿರುತ್ತದೆ. ತೂಕ ಕೆಳಗೆ ತೂಗುತ್ತದೆ. ಪೆನೋ ಮಾಡಿದಂತೆ ರೆಕ್ಕೆಯ ತುದಿಗಳು ಮೇಲೆದ್ದಿರುತ್ತವೆ. ರೆಕ್ಕೆಯ ವಿಸ್ತಾರಕ್ಕೆ ಹೋಲಿಸಿದರೆ ತೂಕ ಕಡಿಮೆ. ಹಾಗಾಗಿ ಅದು ನಿಧಾನವಾಗಿ ಹಾರಬಲ್ಲದು. ನಿಧಾನವೆಂದರೆ ಯೋಚಿಸಲು ಬಿಡುವು. ಗಾಬರಿಯಾದಾಗ ಕಡ್ಡಿಗಳಿಂದ ಕೈ ತೆಗೆದರೆ, ಸಾಕಷ್ಟು ಎತ್ತರವಿದ್ದ ಪಕ್ಷದಲ್ಲಿ, ಅದು ತಾನೇ ಸರಿಹೋಗುತ್ತದೆ. ‘ಎರಡು ತಪ್ಪಿನಷ್ಟು ಎತ್ತರದಲ್ಲಿ ಹಾರಿಸು’ ಎಂಬುದು ಹವ್ಯಾಸಿಗಳ ಗಾದೆ. ಒಂದು ತಪ್ಪು ಮಾಡಿ, ಅದನ್ನು ತಿದ್ದುವಾಗ ಇನ್ನೊಂದು ತಪ್ಪು ಮಾಡಿದರೂ ನೆಲ ಇನ್ನೂ ಕೆಳಗೇ ಇರಬೇಕು ಎಂದು ಅರ್ಥ.

ಎಲ್ಲರನ್ನೂ ಕಾಡುವ ತೊಡಕೊಂದಿದೆ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲವೇ ನಮ್ಮ ಬಲ. ನಮ್ಮತ್ತ ಬರುವಾಗ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು. ಇದಕ್ಕೆ ಹಳಬರು ಹೇಳಿಕೊಡುವ ಉಪಾಯ: ನಮ್ಮತ್ತ ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೆ ಕಡ್ಡಿ ಸರಿಸು, ಕುಸಿಯುವ ಗೋಡೆಗೆ ಊರುಗೋಲು ಕೊಟ್ಟಂತೆ. ಕಂಪ್ಯೂಟರಿನ ಪರದೆಯ ಮೇಲೆ ಮೊದಲೇ ಅಭ್ಯಾಸ ಮಾಡಿಕೊಳ್ಳುವ ಅನುಕೂಲವೂ ಈಗ ಉಂಟು. ಮೊಬೈಲಿನೊಳಗೆ ಇರುವಂಥ ಪುಟ್ಟ ಜೈರೋಸ್ಕೋಪನ್ನು ಕೂಡಿಸಿ, ಅತಿಯಾಗಿ ವಾಲಲು ಬಿಡದ ವಿಮಾನಗಳು 2010ರ ದಶಕದಲ್ಲಿ ಬಂದಿವೆ.

ಅಪಾಯವೇ ಇಲ್ಲವೆಂದಲ್ಲ. ಲಿಥಿಯಂ ಬ್ಯಾಟರಿ ಊದಿಕೊಂಡಿದ್ದರೆ, ಪೆಟ್ಟು ತಿಂದಿದ್ದರೆ ಅಥವಾ ತಪ್ಪು ಚಾರ್ಜರಿಗೆ ಸಿಕ್ಕರೆ ಬೆಂಕಿ ಹತ್ತಬಹುದು. ಅದನ್ನು ಚಾರ್ಜಿಗೆ ಹಾಕಿ ಮಲಗುವುದು ಸಲ್ಲದು. ತಿರುಗುವ ಪಂಖ ಬೆರಳನ್ನು ಸೀಳಬಲ್ಲದು. ಜನರ ತಲೆಯ ಮೇಲೆ ಹಾರಿಸುವುದಂತೂ ಯಾವ ಕಾಲಕ್ಕೂ ಕೂಡದು.

ನಮ್ಮ ಆಕಾಶ

ವಿಮಾನದ ವಿದ್ಯೆಗೆ ಕರ್ನಾಟಕ ಹೊರಗಿನದಲ್ಲ. ಹಿಂದೂಸ್ತಾನ್ ವಿಮಾನ ಕಾರ್ಖಾನೆ 1940ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಇಲ್ಲಿಯೇ ಬೆಳೆಯಿತು. ಎನ್‌ಸಿಸಿಯ ವಾಯುದಳದ ಹುಡುಗ ಹುಡುಗಿಯರಿಗೆ ಮಾದರಿ ವಿಮಾನ ಕಟ್ಟಿ ಹಾರಿಸುವುದು ತರಬೇತಿಯ ಒಂದು ಭಾಗ. ಆಟಿಕೆ ಮತ್ತು ಸಂಶೋಧನೆಯ ನಡುವಿನ ಗೆರೆ ಎಷ್ಟು ತೆಳುವೆಂಬುದಕ್ಕೂ ಇಲ್ಲಿ ನಿದರ್ಶನವಿದೆ. ಬ್ಲ್ಯಾಕ್ ಕೈಟ್ ಎಂಬ, ಮೊಳಕ್ಕಿಂತ ಚಿಕ್ಕ ರೆಕ್ಕೆಯ, ಬ್ಯಾಟರಿಯ ಬಲದ ಕಣ್ಗಾವಲು ವಿಮಾನ ರೂಪುಗೊಂಡದ್ದು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ.

ವಿಪರ್ಯಾಸವೆಂದರೆ ವಿಮಾನಗಳ ಈ ಊರಿನಲ್ಲೇ ಪುಟ್ಟ ವಿಮಾನಕ್ಕೆ ಆಕಾಶ ಕಡಿಮೆ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದವು. ಕಣ್ಣಳತೆಯಲ್ಲಿ, ಮನರಂಜನೆಗೋ ಕಲಿಕೆಗೋ ಹಾರಿಸುವ, 25 ಕಿಲೋ ಮೀರದ ಮಾದರಿ ವಿಮಾನಗಳನ್ನು ಆ ನಿಯಮಗಳು ಬೇರೆಯಾಗಿಯೇ ಹೆಸರಿಸಿದವು. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಅವಕಾಶ. ಹಾರುದಾಣಗಳ ಸುತ್ತ ನಿರ್ಬಂಧ. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಎಂದು ನಾಲ್ಕು ಹಾರುದಾಣಗಳನ್ನು ಮೈಮೇಲೆ ಇಟ್ಟುಕೊಂಡ ನಗರದಲ್ಲಿ ಹಸಿರು ಹುಡುಕಿಕೊಂಡು ದೂರ ಹೋಗಬೇಕು. ಹಾರಿಸುವ ಮುನ್ನ ವಲಯದ ನಕ್ಷೆಯನ್ನೂ ಆ ಹೊತ್ತಿಗೆ ಜಾರಿಯಲ್ಲಿರುವ ನಿಯಮವನ್ನೂ ನೋಡಿಕೊಳ್ಳುವುದು ಹವ್ಯಾಸಿಯ ಕರ್ತವ್ಯ. ನಿಯಮದ ಮಾತು ಹಾಗಿರಲಿ, ಬಯಲುಗಳೇ ಬಡಾವಣೆಗಳಾಗುತ್ತಿರುವಾಗ ಹಾರಿಸುವುದೆಲ್ಲಿ ಎಂಬ ಪ್ರಶ್ನೆಯೂ ಉಳಿಯುತ್ತದೆ. ಸದ್ದಿನ ತಕರಾರನ್ನು ವಿದ್ಯುತ್ತು ಬಗೆಹರಿಸಿತು; ಜಾಗದ ತಕರಾರನ್ನು ಬಗೆಹರಿಸಬೇಕಾದವರು ನಾವು.

ಕಳೆದುಕೊಂಡದ್ದು, ಗಳಿಸಿದ್ದು

ಲಾಭವೆಲ್ಲ ಪುಕ್ಕಟೆಯಾಗಿ ಬರುವುದಿಲ್ಲ. ಬಾಲ್ಸಾ ಸೀಳಿ ಪಕ್ಕೆಲುಬು ಕೂಡಿಸುತ್ತಿದ್ದ ಹುಡುಗನಿಗೆ, ರೆಕ್ಕೆಯ ಬಾಗು ಏಕಿರಬೇಕು, ತೂಕದ ನಡು ಎಲ್ಲಿರಬೇಕು ಎಂಬುದು ಹಾರಿಸುವ ಮೊದಲೇ ತಿಳಿದಿರುತ್ತಿತ್ತು. ಪೆಟ್ಟಿಗೆ ಬಿಚ್ಚಿ, ನಾಲ್ಕು ತಿರುಪು ಹಾಕಿ ಹಾರಿಸುವವನಿಗೆ ಆ ಜ್ಞಾನ ತಾನಾಗಿ ಬರುವುದಿಲ್ಲ. ಇದೇ ಮೋಟಾರು, ಇದೇ ಬ್ಯಾಟರಿಗಳಿಂದ ಮೂಡಿದ ನಾಲ್ಕು ಪಂಖದ ಡ್ರೋನಿನಲ್ಲಂತೂ ಸಮತೋಲ ಕಾಯುವುದು ಕಂಪ್ಯೂಟರು. ಮನುಷ್ಯನು ಎಲ್ಲಿಗೆ ಹೋಗಬೇಕೆಂದು ಹೇಳಿದರೆ ಸಾಕು. ರೆಕ್ಕೆಯ ವಿಮಾನ ಮಾತ್ರ ಇಂದಿಗೂ ಗಾಳಿಯೊಡನೆ ಮಾತಾಡುವುದನ್ನು ಕಲಿಸುತ್ತದೆ.

ನೊರೆಯ ಹಾಳೆಯನ್ನು ಮನೆಯಲ್ಲೇ ಕತ್ತರಿಸಿ, ಬಿಸಿ ಅಂಟಿನಿಂದ ಜೋಡಿಸಿ, ಒಂದೇ ಸಂಜೆಯಲ್ಲಿ ವಿಮಾನ ಕಟ್ಟುವ ಪದ್ಧತಿ 2010ರ ದಶಕದಿಂದ ಜಗತ್ತಿನ ಎಲ್ಲೆಡೆ ಹಬ್ಬಿದೆ. ಕಟ್ಟುವ ಸುಖ ಪೂರ್ತಿ ಹೋಗಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಮೂರು ತಿಂಗಳಲ್ಲಿ ಒಂದು ವಿಮಾನ ಕಟ್ಟುತ್ತಿದ್ದವನು ಒಂದು ಪಾಠ ಕಲಿತರೆ, ಮೂರು ತಿಂಗಳಲ್ಲಿ ಹತ್ತು ಕಟ್ಟಿ ಹತ್ತನ್ನೂ ಮುರಿದವನು ಹತ್ತು ಪಾಠ ಕಲಿಯಬಹುದು. ಏಕೆ ಮುರಿಯಿತೆಂದು ಕೇಳಿಕೊಳ್ಳುವ ಗುಣ ಇರಬೇಕು, ಅಷ್ಟೆ.

2020ರ ಜೂನ್ ತಿಂಗಳಲ್ಲಿ ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆ ಪೂರ್ತಿ ವಿದ್ಯುತ್ತಿನಿಂದ ಹಾರುವ ವಿಮಾನವೊಂದಕ್ಕೆ ಮೊದಲ ಬಾರಿಗೆ ಮಾನ್ಯತೆ ನೀಡಿತು. ಅದು ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ‘ವೆಲಿಸ್ ಎಲೆಕ್ಟ್ರೋ’. ಇಬ್ಬರು ಕೂರುವ ಆ ವಿಮಾನದ ಉದ್ದೇಶ ಪೈಲಟ್ ವಿದ್ಯಾರ್ಥಿಗಳ ತರಬೇತಿ. ಹಾರಾಟ ಒಂದು ಗಂಟೆಯನ್ನೂ ಮುಟ್ಟುವುದಿಲ್ಲ. ತೂಕದ ಹಳೆಯ ಲೆಕ್ಕ ಇನ್ನೂ ಪೂರ್ತಿ ತೀರಿಲ್ಲ. ಆದರೂ ಬಯಲಿನ ಪುಟ್ಟ ವಿಮಾನದಂತೆ ದೊಡ್ಡದೂ ಹೊಸಬರ ಕೈಗೇ ಮೊದಲು ಸಿಕ್ಕಿತೆಂಬುದನ್ನು ನೆನಪಿಡಬೇಕು. ಹೊಸಬನು ಹಾರಿಸುವುದು ಸ್ವಲ್ಪ ಹೊತ್ತು, ಮರಳುವುದು ಹೊರಟಲ್ಲಿಗೇ. ಅಷ್ಟಕ್ಕೆ ಬ್ಯಾಟರಿ ಈಗ ಸಾಕಾಗುತ್ತದೆ.